ನಾಲೆಯ ದಡದ ಊರುಗಳು

ಸ್ವೀಡನ್ ದೇಶಕ್ಕೆ ಹೋದವರಲ್ಲಿ ಹಲವರು ಸ್ಟಾಕ್‌ಹೋಮ್ ನಗರವನ್ನಷ್ಟೇ ನೋಡಿ ಹಿಂದಿರುಗುತ್ತಾರೆ. ಆ ನಾಡಿನ ನೆಮ್ಮದಿಯನ್ನು ಅರಿಯಬೇಕೆಂಬುವವರು ಯೋಟಾ ನಾಲೆಯ ದಡದ ಸಣ್ಣ ಊರುಗಳಲ್ಲಿ ಎರಡು ದಿನವಾದರೂ ನಿಲ್ಲಬೇಕು.

ವೆನರ್ನ್ ಸರೋವರದಿಂದ ಬಾಲ್ಟಿಕ್ ಸಮುದ್ರದವರೆಗೆ ಈ ಜಲಮಾರ್ಗದ ಉದ್ದ 190 ಕಿಲೋಮೀಟರು. ಅದರಲ್ಲಿ 87 ಕಿಲೋಮೀಟರಿನಷ್ಟು ಮನುಷ್ಯರೇ ಅಗೆದದ್ದು; ಮಿಕ್ಕದ್ದು ಪ್ರಕೃತಿಯೇ ಕೊಟ್ಟ ಸರೋವರಗಳು. 1810ರಲ್ಲಿ ಮೊದಲಾದ ಕೆಲಸ ಮುಗಿದದ್ದು 1832ರಲ್ಲಿ. ಸುಮಾರು 58,000 ಸೈನಿಕರು ಕಬ್ಬಿಣದ ಅಂಚು ಕಟ್ಟಿದ ಮರದ ಗುದ್ದಲಿಗಳಿಂದ ಈ ನೆಲವನ್ನು ತೋಡಿದರು. ಅವರ ಹೆಸರುಗಳನ್ನು ಇಂದು ಬಲ್ಲವರಾರು?

ಸ್ಟಾಕ್‌ಹೋಮಿನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ ಪಯಣಿಸಿದರೆ ಲಿನ್‌ಶೋಪಿಂಗ್ ಸಿಗುತ್ತದೆ. ಅಲ್ಲಿಂದ ಬೆರ್ಗ್ ಎಂಬ ಊರು ಹತ್ತು ಕಿಲೋಮೀಟರಿನಷ್ಟೇ ದೂರ. ಈ ನಾಲೆಯ 58 ಲಾಕುಗಳಲ್ಲಿ ಏಳು ಇಲ್ಲಿ ಮೆಟ್ಟಿಲುಗಳಂತೆ ಒಂದರ ಮೇಲೊಂದು ಜೋಡಣೆಗೊಂಡಿವೆ. ಲಾಕ್ ಎಂದರೆ ಎರಡೂ ಕಡೆ ಬಾಗಿಲುಳ್ಳ ಕಲ್ಲಿನ ಕೋಣೆ. ದೋಣಿ ಒಳಹೊಕ್ಕೊಡನೆ ಹಿಂದಿನ ಬಾಗಿಲು ಮುಚ್ಚುತ್ತದೆ; ಮೇಲಿನಿಂದ ನೀರು ಧುಮುಧುಮಿಸಿ ತುಂಬುತ್ತದೆ; ದೋಣಿ ತಾನಾಗಿ ಮೇಲೇಳುತ್ತದೆ; ಆಗ ಮುಂದಿನ ಬಾಗಿಲು ತೆರೆಯುತ್ತದೆ. ಹೀಗೆ ಏಳು ಸಲ ಏರಿದ ದೋಣಿ 18.8 ಮೀಟರು ಎತ್ತರಕ್ಕೆ ಬಂದಿರುತ್ತದೆ. ಗಡಿಯಾರ ನೋಡುವ ಪ್ರವಾಸಿಗೆ ಈ ನೋಟ ದಕ್ಕದು. ಬೋರೆನ್ಸ್‌ಬೆರ್ಗ್‌ನಲ್ಲಿ ಲಾಕಿನ ಬಾಗಿಲನ್ನು ಇಂದಿಗೂ ಕೈಯಿಂದಲೇ ತೆರೆಯುತ್ತಾರೆ.

ದೋಣಿಗಿಂತ ಸೈಕಲ್ಲೇ ಮೇಲು ಎನ್ನಬಹುದು. ಹಿಂದೆ ಕುದುರೆ ಎತ್ತುಗಳು ಹಡಗುಗಳನ್ನು ಹಗ್ಗದಿಂದ ಎಳೆಯುತ್ತ ನಡೆದ ದಡದ ದಾರಿಯಲ್ಲಿ ಈಗ ಸೈಕಲ್ ಸವಾರರು ಸಾಗುತ್ತಾರೆ. ದಾರಿ ಬಹುಮಟ್ಟಿಗೆ ಸಮತಟ್ಟು. ಮರಗಳ ನೆರಳೂ ಉಂಟು. ಹೋಗುವ ಕಾಲ ಮಾತ್ರ ಬೇಸಿಗೆಯೇ ಆಗಿರಬೇಕು. ಜೂನ್ ತಿಂಗಳಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ. ಆದರೂ ಮಳೆಯಂಗಿಯನ್ನು ಮರೆಯಬಾರದು. ಆ ತಿಂಗಳ ಕೊನೆಯಲ್ಲಿ ಬರುವ ನಡುಬೇಸಿಗೆಯ ಹಬ್ಬದ ದಿನ ಅಂಗಡಿಗಳು ಬೇಗ ಮುಚ್ಚುವುದರಿಂದ ಬುತ್ತಿಯನ್ನು ಮೊದಲೇ ಕಟ್ಟಿಕೊಳ್ಳುವುದು ಲೇಸು. ನಾಣ್ಯ ನೋಟುಗಳನ್ನು ಪಡೆಯದ ಅಂಗಡಿಗಳೂ ಅಲ್ಲಿ ಹಲವು; ಕಾರ್ಡು ಜೊತೆಗಿರಬೇಕು.

ವೆಟರ್ನ್ ಸರೋವರದ ದಡದಲ್ಲಿ ಮೊಟಾಲಾ ಪಟ್ಟಣವಿದೆ. ಬೀಸಣಿಗೆಯಂತೆ ಹರಡಿದ ಅದರ ಬೀದಿಗಳ ನಕ್ಷೆಯನ್ನು ಬರೆದವನು ನಾಲೆಯ ನಿರ್ಮಾತೃ ಬಾಲ್ಟ್‌ಸರ್ ಫಾನ್ ಪ್ಲಾಟೆನ್. ಡೆನ್ಮಾರ್ಕಿನವರು ಓರೆಸುಂಡ್ ಜಲಸಂಧಿಯಲ್ಲಿ ವಸೂಲು ಮಾಡುತ್ತಿದ್ದ ಸುಂಕವನ್ನು ತಪ್ಪಿಸಬೇಕೆಂಬುದು ಅವನ ಉದ್ದೇಶಗಳಲ್ಲೊಂದು. ನಾಲೆ ಪೂರ್ಣಗೊಳ್ಳುವ ಮುನ್ನವೇ, 1829ರಲ್ಲಿ, ಅವನು ತೀರಿಕೊಂಡ. 1857ರಲ್ಲಿ ಆ ಸುಂಕವೇ ರದ್ದಾಯಿತು. 1862ರಲ್ಲಿ ಸ್ಟಾಕ್‌ಹೋಮಿಗೂ ಯೋಟೆಬೊರಿಗೂ ನಡುವೆ ರೈಲು ಓಡಿತು. ಸರಕು ಅದರ ಪಾಲಾಯಿತು. ಅಷ್ಟು ಜನರ ಬೆವರು ವ್ಯರ್ಥವಾಯಿತೇ ಎಂದು ಕೇಳುವವರು ಇಂದಿಗೂ ಇದ್ದಾರೆ.

ಪ್ಲಾಟೆನ್ನನ ಸಮಾಧಿ ಮೊಟಾಲಾದಲ್ಲಿ ನಾಲೆಯ ದಡದಲ್ಲೇ ಇದೆ. ಬೇಸಿಗೆಯ ಸಂಜೆ ಅಲ್ಲಿ ಕುಳಿತರೆ ಪುಟ್ಟ ದೋಣಿಗಳು ಸದ್ದಿಲ್ಲದೆ ಮುಂದೆ ಹಾದುಹೋಗುತ್ತವೆ. ದೋಣಿಯಲ್ಲಿರುವ ಮಕ್ಕಳು ದಡದವರತ್ತ ಕೈ ಬೀಸುತ್ತಾರೆ.