ಅಜ್ಜಿ ಕೇಳುತ್ತಿದ್ದ ಪ್ರಶ್ನೆಗಳು

ಚಾಕ್‌ಪೀಸಿನ ಧೂಳು, ಮೇಲೆ ಅಕ್ಕಲಕೋಟದ ಬಿಸಿಲು. ಎರಡೂ ಸೇರಿದರೆ ಮಾಸ್ತರರ ಗಂಟಲು ಏನಾಗಬೇಕು ಹೇಳಿ? ಒಂದು ಮಾಘದಲ್ಲಿ ನನ್ನ ಕೆಮ್ಮು ಕೇಳಲಾರದೆ ನಾಲ್ಕನೇ ಇಯತ್ತೆಯ ಹುಡುಗನೊಬ್ಬ ತನ್ನ ಅಜ್ಜಿಯನ್ನೇ ಶಾಲೆಗೆ ಕರೆದುಕೊಂಡು ಬಂದ. ಸೆರಗಿನಲ್ಲಿ ಒಂದು ಹಿಡಿ ಆಡುಸೋಗೆ ಎಲೆ ಇತ್ತು. ಆದರೆ ಅಜ್ಜಿ ಅದನ್ನು ಸುಮ್ಮನೆ ಕೊಡಲಿಲ್ಲ.

"ಮಾಸ್ತರ್ರ, ಕೆಮ್ಮು ಒಣದೋ, ಕಫಾ ಬರತದೋ? ಜ್ವರ ಅದ ಏನು? ಎಷ್ಟು ದಿನಾ ಆತು? ಹದಿನೈದು ದಿನಾ ದಾಟಿದ್ರ ನನ್ನ ಹತ್ರ ಬರಬ್ಯಾಡ್ರಿ, ದವಾಖಾನ್ಯಾಗ ಕಫಾ ತಪಾಸ ಮಾಡಸ್ರಿ."

ಐದೇ ದಿನ ಆಗಿತ್ತು, ಹೀಗಾಗಿ ಪಾಸಾದೆ! ಹಣ ಕೊಡಹೋದರೆ ಬೈದರು. ಅವರು ಯಾರಿಂದಲೂ ತೆಗೆದುಕೊಳ್ಳುತ್ತಿರಲಿಲ್ಲ. ಹೊಲಕ್ಕೆ ಹೋಗುವಾಗ ಬದುವಿನ ಗಿಡ ನೋಡುವುದು, ಬರುವಾಗ ಬೇಕಾದಷ್ಟೇ ಚಿವುಟುವುದು, ಯಾವ ಮನೆಯಲ್ಲಿ ಯಾರಿಗೆ ಏನಾಗಿದೆ ಎಂದು ವಿಚಾರಿಸುವುದು. ಅದು ಅವರ ಬದುಕಿನ ರೀತಿಯೇ ಆಗಿತ್ತು.

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತೇವಲ್ಲ? ಆಡುಸೋಗೆಯನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಷ್ಟು ಕಹಿ. ಅದಕ್ಕೇ ಬೇಲಿಗೆ ಹಚ್ಚುತ್ತಾರೆ. ಅದರಲ್ಲಿರುವ ವ್ಯಾಸಿಸಿನ್ ಎಂಬ ಅಂಶವನ್ನು ಮಾದರಿಯಾಗಿಟ್ಟುಕೊಂಡೇ ಬ್ರೋಮ್‌ಹೆಕ್ಸಿನ್ ತಯಾರಾಯಿತು. ಮೆಡಿಕಲ್ ಅಂಗಡಿಯ ಎಷ್ಟೋ ಕಫದ ಸಿರಪ್ಪಿನಲ್ಲಿ ಅದೇ ಇರುವುದು.

ಈ ಸಂಗತಿ ತಿಳಿದ ಮೇಲೆ ನನಗೆ ಹುರುಪು ಬಂತು. ಶನಿವಾರ ಮಕ್ಕಳನ್ನು ಅಜ್ಜಿಯ ಹಿಂದೆ ಬದುವಿನ ಮೇಲೆ ನಡೆಸಿದೆ. ದೊಡ್ಡ ವಹಿಯೊಂದರಲ್ಲಿ ಎಲೆ ಅಂಟಿಸಿ, ಚಿತ್ರ ಬರೆದು, ಪಕ್ಕದಲ್ಲಿ ಎರಡು ಹೆಸರು: ಲಕ್ಕಿ–ನಿರ್ಗುಡಿ, ಉತ್ತರಾಣಿ–ಆಘಾಡಾ, ಆವರಿಕೆ–ತರವಡ, ಅಮೃತಬಳ್ಳಿ–ಗುಳವೇಲ. ನಮ್ಮ ಮಕ್ಕಳಿಗೆ ಬಾಲಭಾರತಿಯ ಪಠ್ಯಪುಸ್ತಕ ಕನ್ನಡದಲ್ಲಿ ಸಿಗುತ್ತದೆ ನಿಜ, ಆದರೆ ಪೇಟೆಗೆ ಹೋದರೆ ಗಿಡದ ಹೆಸರು ಮರಾಠಿಯಲ್ಲೇ. ಮನೆಯ ಹೆಸರು ಅಜ್ಜಿಯಂದಿರ ಬಾಯಲ್ಲಿ ಮಾತ್ರ ಉಳಿದಿತ್ತು. ಉತ್ತರಾಣಿಯ ತೆನೆ ಚಡ್ಡಿಗೆ ಅಂಟಿದಾಗ ಅದನ್ನೇ ಕಿತ್ತು ವಹಿಗೆ ಅಂಟಿಸಿದ ಒಬ್ಬ ಮಹಾಶಯನೂ ಇದ್ದ.

ಅಂದ ಹಾಗೆ, ಸೊಲ್ಲಾಪುರಕ್ಕೂ ಈ ವಿದ್ಯೆಗೂ ಹಳೆಯ ನಂಟಿದೆ. ರಾಷ್ಟ್ರಕೂಟರ ಕಾಲದ ಜೈನ ವೈದ್ಯ ಉಗ್ರಾದಿತ್ಯಾಚಾರ್ಯರು ಮಾಂಸ, ಮದ್ಯ ಬಳಸದೆ ಔಷಧಿ ಹೇಳುವ 'ಕಲ್ಯಾಣಕಾರಕ'ವನ್ನು ಸಂಸ್ಕೃತದಲ್ಲಿ ಬರೆದರು. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿದ ಆ ಗ್ರಂಥ 1940ರಲ್ಲಿ ಪ್ರಕಟವಾದದ್ದು ಸೊಲ್ಲಾಪುರದಿಂದಲೇ. ಅಜ್ಜಿಗೆ ಹೇಳಿದೆ. "ಹೌದೇನು?" ಅಂದು ಸೊಪ್ಪು ಬಿಡಿಸುವುದನ್ನು ಮುಂದುವರಿಸಿದರು.

ಇನ್ನು ನನ್ನ ಪ್ರತಾಪ ಕೇಳಿ. ಪಕ್ಕದ ಊರಿನ ಶಾಲೆಯ ಬಾಯಿಯವರಿಗೆ (ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದು ಹೀಗೇ) ಕೆಮ್ಮು. ನಾನು ದೊಡ್ಡ ವೈದ್ಯನಂತೆ ಹೇಳಿದೆ: "ಆಡುಸೋಗೆ ಕಷಾಯ ಮಾಡಿ ಮೂರು ದಿನ ಕುಡೀರಿ." ಎಲೆಯನ್ನೂ ನಾನೇ ಕಳಿಸಿದೆ. ಸಂಜೆ ಅಜ್ಜಿಗೆ ಹೆಮ್ಮೆಯಿಂದ ಹೇಳಿದರೆ ಅವರ ಮುಖವೇ ಬದಲಾಯಿತು.

"ಹೆಣ್ಮಗಳು ಬಸುರಿ ಅದಾಳೋ ಏನೋ ಕೇಳೀರೇನು?"

ಕೇಳಿರಲಿಲ್ಲ. ಆಡುಸೋಗೆ ಗರ್ಭಕೋಶವನ್ನು ಸಂಕುಚಿಸಬಲ್ಲದು, ಬಸುರಿಯರಿಗೆ ಕೊಡಬಾರದು. ಫೋನ್ ಮಾಡುವಾಗ ನನ್ನ ಕೈ ನಡುಗುತ್ತಿತ್ತು. ಬಾಯಿಯವರು ಆಗ ಮೂರು ತಿಂಗಳ ಬಸುರಿ. ಇನ್ನೂ ಯಾರಿಗೂ ಹೇಳಿರಲಿಲ್ಲ. ಎಲೆ ತೊಳೆದು ಇಟ್ಟಿದ್ದರು, ಕುದಿಸಿರಲಿಲ್ಲ. ಆ ಮಗು ಈಗ ಅವರದೇ ಶಾಲೆಯ ಅಂಗಳದಲ್ಲಿ ಓಡಾಡುತ್ತದೆ. ನೋಡಿದಾಗಲೆಲ್ಲ ನನಗೆ ಒಳಗೊಳಗೇ ಏನೋ ಆಗುತ್ತದೆ.

ಮರುದಿನ ವಹಿಯಲ್ಲಿ ಮೂರನೇ ಅಂಕಣ ಹಾಕಿಸಿದೆ: 'ಯಾರಿಗೆ ಕೊಡಬಾರದು'.

ಕೊರೋನಾ ಬಂದಾಗ ಊರಿಗೆ ಊರೇ ಅಮೃತಬಳ್ಳಿ ಕುದಿಸಿ ಕುಡಿಯಿತು. ಅಜ್ಜಿ ದಿನಾ ಕುಡಿಯುವವರನ್ನು ಬೈಯುತ್ತಿದ್ದರು: "ಅದೇನು ಚಹಾ ಏನ?" ನಾವು ನಕ್ಕೆವು. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ರೀತಿ ಕಾಣುವ ಬೇರೆ ಬಳ್ಳಿಯ ಬಗ್ಗೆ ಎಚ್ಚರಿಸಿತು. ವಾದ ಏನೇ ಇರಲಿ, ನಾವು ಮೂರನೇ ಅಂಕಣದಲ್ಲಿ ಬರೆದುಕೊಂಡೆವು: 'ದಿನಾ ಕುಡಿಯಬಾರದು. ಕಾಮಾಲೆ ಇದ್ದವರು ಡಾಕ್ಟರರನ್ನು ಕೇಳಬೇಕು. ಬಳ್ಳಿ ಗೊತ್ತಿದ್ದವರೇ ಕೀಳಬೇಕು.'

ಒಮ್ಮೆ ಹೊಲದಲ್ಲಿ ಒಬ್ಬರಿಗೆ ಹಾವು ಕಚ್ಚಿದಾಗ ಜನ ಅಜ್ಜಿಯ ಮನೆಗೇ ಹೊತ್ತು ತಂದಿದ್ದರು. ಅಜ್ಜಿ ಸೊಪ್ಪಿಗೆ ಕೈ ಹಾಕಲೇ ಇಲ್ಲ. "ಇದು ನನ್ನ ಕೈಯಾಗಿಂದಲ್ಲ, ಗಾಡಿ ತಗೀರಿ" ಅಂದು ಸೊಲ್ಲಾಪುರಕ್ಕೆ ಅಟ್ಟಿದರು. ಆತ ಬದುಕಿದ.

ಅಜ್ಜಿ ಹೋದ ವರ್ಷ ಜೋಳದ ಸುಗ್ಗಿಯ ಹೊತ್ತಿಗೆ ತೀರಿಕೊಂಡರು. ವಹಿಯಲ್ಲಿ 31 ಗಿಡಗಳಿವೆ. ಮೊದಲ ಎರಡು ಅಂಕಣ ತುಂಬಿವೆ. ಮೂರನೆಯದು 12 ಗಿಡಗಳಿಗೆ ಮಾತ್ರ ಭರ್ತಿಯಾಗಿದೆ. ಉಳಿದ 19 ಗಿಡಗಳನ್ನು ಮಕ್ಕಳು ನೋಡುತ್ತಾರೆ, ಚಿತ್ರ ಬರೆಯುತ್ತಾರೆ, ಹೆಸರು ಹೇಳುತ್ತಾರೆ. ಕಷಾಯಕ್ಕೆ ಮಾತ್ರ ನಾವು ಕೀಳುವುದಿಲ್ಲ. ನಿಮ್ಮ ಶಾಲೆಯ ಹತ್ತಿರ ಇಂಥ ಅಜ್ಜಿ ಇದ್ದರೆ ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗಿ. ಮೂರನೇ ಅಂಕಣವನ್ನು ಮೊದಲು ಕೇಳಿ.