ನೆಲದ ಅಡಿಯ ಲೆಕ್ಕ

ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಬಚ್ಚಲುಮನೆಯನ್ನು ನವೀಕರಿಸಲು ಹೊರಟವರಿಗೆ ಗುತ್ತಿಗೆದಾರರ ದರಪಟ್ಟಿಯನ್ನು ಓದುವುದೇ ಒಂದು ವಿದ್ಯೆ. ನಮಗೆ ಬಂದ ಮೂರು ಪಟ್ಟಿಗಳು 95 ಸಾವಿರದಿಂದ 1.70 ಲಕ್ಷ ರೂಪಾಯಿಗಳವರೆಗೆ ಹರಡಿದ್ದವು. ಟೈಲ್ಸು, ನಲ್ಲಿ, ಕಮೋಡುಗಳು ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಅಂತರವಿದ್ದುದು ನೆಲದ ಅಡಿಯಲ್ಲಿ. ಅಗ್ಗದ ಪಟ್ಟಿಯಲ್ಲಿ ‘ವಾಟರ್‌ಪ್ರೂಫಿಂಗ್’ ಎಂಬ ಒಂಟಿ ಪದವಿತ್ತು. ದುಬಾರಿಯದರಲ್ಲಿ ಹಳೆಯ ಇಟ್ಟಿಗೆಚೂರಿನ ಕೋಬಾವನ್ನು ಸ್ಲ್ಯಾಬಿನವರೆಗೆ ಒಡೆದು ತೆಗೆಯುವುದು, ಕೊಳವೆಗಳ ಸುತ್ತಲಿನ ಸಂದುಗಳನ್ನು ಮುಚ್ಚುವುದು, ಎರಡು ಬಾರಿ ಲೇಪ ಬಳಿದು ಗೋಡೆಯ ಮೇಲೂ ಒಂದಡಿ ಏರಿಸುವುದು, ಟೈಲ್ಸು ಕೂರಿಸುವ ಮುನ್ನ 48 ತಾಸು ನೀರು ಕಟ್ಟಿ ನಿಲ್ಲಿಸುವುದು, ಎಲ್ಲವೂ ಬಿಡಿಬಿಡಿಯಾಗಿ ನಮೂದಾಗಿದ್ದವು.

ಕೇಂದ್ರ ಸರಕಾರದ ಕಚೇರಿಯಲ್ಲಿ ಟೆಂಡರುಗಳನ್ನು ತೆರೆಯುವ ನಮಗೆ ‘ಎಲ್-1’, ಅಂದರೆ ಅತಿ ಕಡಿಮೆ ದರದವರಿಗೆ ಕೆಲಸ, ಎಂಬ ಸೂತ್ರ ಬಾಯಿಪಾಠ. (ಕೆಲಸದ ವಿವರ ಮೊದಲೇ ನಿಗದಿಯಾಗಿದ್ದರೆ ಮಾತ್ರ ಅದು ಸಲ್ಲುತ್ತದೆಂಬುದನ್ನು ಜನ ಮರೆಯುತ್ತಾರೆ.) ಆದರೆ ಇಲ್ಲಿ ಸೋರಿಕೆಯ ಫಲವನ್ನು ಉಣ್ಣುವವರು ನಾವಲ್ಲ, ಕೆಳಗಿನ ಮನೆಯ ವೃದ್ಧ ದಂಪತಿ. ಅವರ ದೇವರ ಕಪಾಟಿನ ಹಿಂದಿನ ಗೋಡೆಗೆ ಕೆಲವು ತಿಂಗಳಿಂದ ತೇವ ಹಬ್ಬಿತ್ತು. ಅಜ್ಜಿ ಒಮ್ಮೆಯೂ ದೂರಲಿಲ್ಲ. ಪಟಗಳನ್ನು ಮಾತ್ರ ಎದುರು ಗೋಡೆಗೆ ಸಾಗಿಸಿದ್ದರು.

ದುಬಾರಿ ಪಟ್ಟಿಯನ್ನೇ ಒಪ್ಪಿದೆವು, ಹತ್ತರಲ್ಲೊಂದು ಪಾಲು ಹಣವನ್ನು ಆರು ತಿಂಗಳು ತಡೆಹಿಡಿಯುವ ಕರಾರಿನೊಂದಿಗೆ. ನೀರು ಕಟ್ಟಿದ ಎರಡನೆಯ ಸಂಜೆ ಕೆಳಗಿಳಿದು ಹೋದಾಗ ಅಜ್ಜಿ ಗೋಡೆಗೆ ಅಂಗೈಯೊತ್ತಿ ನೋಡುತ್ತಿದ್ದರು. ಹೊಸ ತೇವ ಬಂದಿಲ್ಲ. ಹಳೆಯದು ಆರಲು ಕಾಲ ಬೇಕು. ಪಟಗಳು ಇನ್ನೂ ಎದುರು ಗೋಡೆಯಲ್ಲೇ ಇವೆ.