ನಾಲತವಾಡದ ಹುಳು, ಬೆಂಗಳೂರಿನ ಸೂಜಿ

ವಿಜಯಪುರ ಜಿಲ್ಲೆಯ ಎರೆಭೂಮಿಯನ್ನು ಕಂಡವರಿಗೆ ನಾಲತವಾಡವನ್ನು ಹೆಚ್ಚಾಗಿ ಬಣ್ಣಿಸಬೇಕಾಗಿಲ್ಲ. ಮುದ್ದೇಬಿಹಾಳ ತಾಲ್ಲೂಕಿನ ಈ ಊರಿಗೆ ಪಟ್ಟಣ ಪಂಚಾಯಿತಿಯ ಪದವಿ ಬಂದಿದ್ದರೂ ಅದರ ಮನಸ್ಸು ಇನ್ನೂ ಹೊಲದಲ್ಲಿಯೇ ಇದೆ. ಮಾತು ಎಲ್ಲಿಂದ ಹೊರಟರೂ ಜೋಳಕ್ಕೋ ತೊಗರಿಗೋ ಹತ್ತಿಗೋ ಬಂದು ನಿಲ್ಲುತ್ತದೆ.

ಕಳೆದ ಸಲ ದೊಡ್ಡವ್ವನ ಮನೆಗೆ ಹೋದಾಗ ಅವಳು ಪಡಸಾಲೆಯಲ್ಲಿ ಕುಳಿತು ಗೋದಿಯ ಹಿಟ್ಟನ್ನು ಸಾಣಿಗೆಯಲ್ಲಿ ಸೋಸುತ್ತಿದ್ದಳು. ಸಾಣಿಗೆಯ ಮೇಲೆ ಎಳ್ಳಿನ ಕಾಳಿನಷ್ಟು ಗಾತ್ರದ ಕೆಂಗಂದು ಹುಳುಗಳು ಹರಿದಾಡುತ್ತಿದ್ದವು.

“ತಮ್ಮಾ, ಬೆಂಗಳೂರಾಗ ಭಾಳ ಶಾಣ್ಯಾ ಮಂದಿ ಅದಾರಂತ. ಈ ಹುಳದ ವಂಶಾನ ಉಳೀಬಾರದು, ಅಂಥಾದ್ದೊಂದು ಗುಳಿಗಿ ಇಸಗೊಂಡು ಬಾ,” ಎಂದಳು.

ಹಿಂದೆ ನಮ್ಮ ಸೀಮೆಯಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಒಳಗಿನ ಪ್ರಾಣವಾಯು ತೀರಿದಂತೆ ಹುಳುಗಳು ಉಸಿರುಗಟ್ಟಿ ಸಾಯುತ್ತಿದ್ದವು. ಬಾಯಿ ತೆರೆದ ಕೂಡಲೇ ಒಳಗಿಳಿದ ಮನುಷ್ಯನಿಗೂ ಅದೇ ಗತಿಯಾಗುವ ಭಯವಿತ್ತು. ಹಗೇವು ಹೋಗಿ ಡಬ್ಬಿ ಬಂದಿತು. ಹುಳು ಮಾತ್ರ ಹೋಗಲಿಲ್ಲ.

ದೊಡ್ಡವ್ವನ ಬೇಡಿಕೆಯನ್ನು ಹೊತ್ತು ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿಗೆ ಬಂದೆ. ನನ್ನ ತಂಗಿಯ ಮಗಳು ಅಲ್ಲಿ ಜೀವವಿಜ್ಞಾನ ಓದುತ್ತಿದ್ದಾಳೆ. ವಿಷಯ ಕೇಳಿ ನಕ್ಕು, “ಮಾಮಾ, ಆ ಹುಳುವನ್ನು ಸಾಕಿ ಓದುವವರು ಇದೇ ಊರಿನಲ್ಲಿದ್ದಾರೆ, ಬನ್ನಿ,” ಎಂದು ಬಳ್ಳಾರಿ ರಸ್ತೆಯ ಕಡೆಗೆ ಕರೆದೊಯ್ದಳು. ಅಲ್ಲಿ ಕೃಷಿ ವಿಶ್ವವಿದ್ಯಾನಿಲಯದ ವಿಸ್ತಾರವಾದ ಆವರಣದಲ್ಲಿ, ಮರಗಳ ನಡುವೆ, ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರವಿದೆ. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಒಂದು ಅಂಗ.

ಆ ಮರಗಳ ನೆರಳಿನಲ್ಲಿ ಅಡ್ಡಾಡುತ್ತ ಅವಳು ಹೇಳಿದ ಸಂಗತಿಗಳು ನನ್ನನ್ನು ಬೆರಗುಗೊಳಿಸಿದವು. ಇಂಥ ಪ್ರಯೋಗಾಲಯಗಳಲ್ಲಿ ಕೆಂಪು ಹಿಟ್ಟಿನ ಹುಳುವಿಗೆ ಗೋದಿಯ ಹಿಟ್ಟೇ ಮನೆ, ಅದೇ ಊಟ. ಬೆಚ್ಚನೆಯ ಪೆಟ್ಟಿಗೆಯಲ್ಲಿ ಮೊಟ್ಟೆಯು ಸುಮಾರು ಒಂದು ತಿಂಗಳಲ್ಲಿ ಬೆಳೆದ ಹುಳುವಾಗುತ್ತದೆ. ಸಂಶೋಧಕರ ದಿನಚರಿಯಲ್ಲಿ ಹಿಟ್ಟು ಸೋಸುವುದೂ ಒಂದು ಕೆಲಸ! ದೊಡ್ಡವ್ವ ಹಿಟ್ಟನ್ನು ಉಳಿಸಿಕೊಂಡು ಹುಳುವನ್ನು ಚೆಲ್ಲುತ್ತಾಳೆ. ಇವರು ಹುಳುವನ್ನು ಉಳಿಸಿಕೊಂಡು ಹಿಟ್ಟನ್ನು ಚೆಲ್ಲುತ್ತಾರೆ.

ಹುಳುವಿಗೂ ರೋಗ ಬರುತ್ತದೆ. ಅದಕ್ಕೂ ರೋಗನಿರೋಧಕ ಶಕ್ತಿಯಿದೆ. ನಮ್ಮ ರಕ್ತದಲ್ಲಿರುವಂಥ ಪ್ರತಿಕಾಯಗಳು ಅದಕ್ಕಿಲ್ಲ. ಗಟ್ಟಿಯಾದ ಹೊರಕವಚ, ಸೂಕ್ಷ್ಮಜೀವಿಗಳನ್ನು ನುಂಗುವ ಜೀವಕೋಶಗಳು, ಅವನ್ನು ಕೊಲ್ಲುವ ರಸಗಳು, ಇವೇ ಅದರ ಸೈನ್ಯ. ಆದರೂ ಒಮ್ಮೆ ಕಂಡ ಶತ್ರುವನ್ನು ಎರಡನೆಯ ಸಲ ಹೆಚ್ಚು ಸಮರ್ಥವಾಗಿ ಎದುರಿಸುವ ‘ನೆನಪು’ ಅನೇಕ ಕೀಟಗಳಲ್ಲಿ ಕಂಡುಬಂದಿದೆ.

ಈ ನೆನಪು ಹುಟ್ಟುವುದು ಹೇಗೆ? ಇಮ್ರೋಜ್ ಖಾನ್, ಅರುಣ್ ಪ್ರಕಾಶ್ ಮತ್ತು ದೀಪಾ ಅಗಾಶೆಯವರು ಈ ಕೇಂದ್ರದಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನೇ ಕೇಳಿತು. ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯವನ್ನು ಅತಿ ಸಣ್ಣ ಸೂಜಿಯಿಂದ ಹುಳುಗಳಿಗೆ ಚುಚ್ಚಿ, ಬದುಕುಳಿದವುಗಳ ಸಂತತಿಯನ್ನು 11 ಪೀಳಿಗೆಗಳವರೆಗೆ ಬೆಳೆಸಿದರು. ಮನುಷ್ಯರ ಲೆಕ್ಕದಲ್ಲಿ ಅದು ಎರಡು ಶತಮಾನಗಳಿಗೂ ಮಿಕ್ಕ ಕಾಲ! ಒಂದು ಗುಂಪಿಗೆ ಮೊದಲು ಬಿಸಿಯಲ್ಲಿ ಸಾಯಿಸಿದ ಬ್ಯಾಕ್ಟೀರಿಯ, ಆಮೇಲೆ ಜೀವಂತವಾದುದು. ಇನ್ನೊಂದು ಗುಂಪಿಗೆ ಮುನ್ನೆಚ್ಚರಿಕೆಯಿಲ್ಲದೆ ನೇರವಾಗಿ ಜೀವಂತ ಶತ್ರುವೇ.

ಮುನ್ಸೂಚನೆ ಪಡೆದ ಗುಂಪು ನೆನಪನ್ನು ಬೆಳೆಸಿಕೊಂಡಿತೆಂದು ವಾಚಕರು ಊಹಿಸಿರಬಹುದು. ನಾನೂ ಹಾಗೆಯೇ ಊಹಿಸಿ ಸೋತೆ. ಆ ಗುಂಪಿನ ವಂಶವು ಮುನ್ಸೂಚನೆಯ ಹಂಗೇ ಇಲ್ಲದಷ್ಟು ಗಟ್ಟಿಯಾಗಿ, ಆ ಬ್ಯಾಕ್ಟೀರಿಯದ ಹಲವು ತಳಿಗಳನ್ನು ತಡೆಯಬಲ್ಲದಾಯಿತು. ನೇರ ಪೆಟ್ಟು ತಿಂದವರ ವಂಶದಲ್ಲಿ ನೆನಪು ಮೂಡಿತು. ಅದರ ರಕ್ಷಣೆ ಕೊಂಚ ಕಡಿಮೆ, ಅದೂ ಕಂಡ ತಳಿಯೊಂದಕ್ಕೇ ಸೀಮಿತ. ಒಂದೇ ಶತ್ರುವಿಗೆ ಎರಡು ಬಗೆಯ ಉತ್ತರ. ಅದೂ ಹನ್ನೊಂದೇ ಪೀಳಿಗೆಗಳಲ್ಲಿ!

ಆದರೆ ಈ ರಕ್ಷಣೆ ಪುಕ್ಕಟೆಯಾಗಿ ಸಿಗುವುದಿಲ್ಲ. ಖಾನ್ ಮತ್ತು ಅಗಾಶೆಯವರು ಯೆನ್ಸ್ ರೋಲ್ಫ್ ಅವರೊಡನೆ ಅದೇ ವರ್ಷ ಪ್ರಕಟಿಸಿದ ಇನ್ನೊಂದು ಅಧ್ಯಯನವು ಹಳದಿ ಹಿಟ್ಟಿನ ಹುಳುವನ್ನು ಕುರಿತದ್ದು. ಎಳೆಯ ಪ್ರಾಯದಲ್ಲಿ ರೋಗದೊಡನೆ ಹೋರಾಡಲು ಏಳುವ ಉರಿಯೂತವು ನಮ್ಮ ಮೂತ್ರಪಿಂಡದಂತೆ ಕೆಲಸಮಾಡುವ ಅದರ ನಾಳಗಳಿಗೇ ಹಾನಿಮಾಡಿ, ಮುಪ್ಪನ್ನು ಬೇಗ ತರಬಲ್ಲುದು ಎಂದು ಅದು ಸೂಚಿಸಿತು. ಕತ್ತಿ ಝಳಪಿಸುವ ಸೈನಿಕನಿಂದ ಕೋಟೆಯ ಗೋಡೆಗೂ ಪೆಟ್ಟು!

“ಹಾಗಾದರೆ ದೊಡ್ಡವ್ವನ ಗುಳಿಗೆ?” ಎಂದೆ.

“ಆ ಆಸೆಯನ್ನು ಬಿಡಿ ಮಾಮಾ,” ಎಂದಳು ಸೊಸೆ. “ನಾವು ಒಂದೇ ಅಸ್ತ್ರವನ್ನು ಮತ್ತೆ ಮತ್ತೆ ಹಿಡಿದರೆ, ಅದಕ್ಕೆ ಸಾಯದ ಕೆಲವೇ ಹುಳುಗಳು ಮುಂದಿನ ವಂಶಕ್ಕೆ ತಾಯ್ತಂದೆಗಳಾಗುತ್ತವೆ.”

ಇದು ಪ್ರಯೋಗಾಲಯದೊಳಗಿನ ಮಾತಷ್ಟೇ ಅಲ್ಲ. ಉಗ್ರಾಣಗಳಲ್ಲಿ ಬಳಸುವ ಫಾಸ್ಫೀನ್ ಅನಿಲಕ್ಕೆ ಹಿಟ್ಟಿನ ಹುಳುವು ಅನೇಕ ಕಡೆ ಜಗ್ಗದಂತಾಗಿದೆ. ಅದೇ ಬ್ಯಾಕ್ಟೀರಿಯದ ವಿಷಗುಣವನ್ನು ಅಳವಡಿಸಿದ ಬಿ.ಟಿ. ಹತ್ತಿಗೆ ನಮ್ಮ ದೇಶದಲ್ಲಿ 2002ರಲ್ಲಿ ಅನುಮತಿ ದೊರೆಯಿತು. ಮುಂದೆ ಗುಲಾಬಿ ಕಾಯಿಕೊರಕ ಹುಳುವು ಆ ವಿಷವನ್ನೂ ಮೀರಿ ನಿಂತಿತು. ಆ ನಷ್ಟವನ್ನು ಹೊತ್ತವನು ಹೊಲದ ಒಡೆಯ.

ಬರಿಗೈಯಲ್ಲಿ ನಾಲತವಾಡಕ್ಕೆ ಹಿಂದಿರುಗಿದೆ. ಕಾಳು ಹಾಕುವ ಗುಳಿಗೆಯಿಂದ ಹೊರಡುವ ಅನಿಲವು ಮನೆಮಂದಿಯ ಪ್ರಾಣಕ್ಕೂ ಎರವಾಗಬಲ್ಲುದೆಂದು ತಿಳಿಸಿದೆ. ಗೋದಿಯನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದಂತೆ ಮುಚ್ಚಿಟ್ಟು, ಬೇಕಾದಷ್ಟನ್ನೇ ಬೀಸಿಸಿಕೊಳ್ಳುವುದು ಲೇಸೆಂದೆ. ಹನ್ನೊಂದು ಪೀಳಿಗೆಗಳ ಕಥೆಯನ್ನೂ ಹೇಳಿದೆ.

ದೊಡ್ಡವ್ವ ಎಲ್ಲವನ್ನೂ ಕೇಳಿ, “ಅಂದ್ರ ನಮ್ಮ ಹಿರ್‍ಯಾರು ಹಗೇವು ತೋಡಿದ್ದು ಶಾಣ್ಯಾತನ ಆತಲ್ಲ!” ಎಂದಳು. ಆಮೇಲೆ ಸಾಣಿಗೆಯ ಮೇಲಿನ ಹುಳುವೊಂದನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, ಅಂಗಳಕ್ಕೆ ಕೊಡವಿ, ಮತ್ತೆ ಸೋಸತೊಡಗಿದಳು.